ಮದುವೆ ಕ್ಯಾಸೆಟ್ಟಿನೊಳಗಿನ ದನಿ



ಮಳೆಗಾಲ ಹಿಡಿಯುವ ಮುಂಚೆ ಟ್ರಂಕಿನ ರೇಷ್ಮೆ ಸೀರೆಗಳನ್ನು ತೆಗೆದು ಗಾಳಿಗೆ ಹಾಕಬೇಕೆಂದು ಕಳೆದ ಸಲ ಬರೆದಿದ್ದೆನಷ್ಟೆ. ಅದನ್ನು ಓದಿ ಶಹಾಪುರದ ಸೋದರಿಯೊಬ್ಬರು ಸೀರೆ ತೆಗೆಯಲು ಕೂತರಂತೆ. ಅಡಿಯಲ್ಲಿ, ಡಾಂಬರ ಗುಳಿಗೆಯ ವಾಸನೆಯ ನಡುವೆ, ಅವರ ಮದುವೆಯ ವಿಡಿಯೊ ಕ್ಯಾಸೆಟ್ಟು ಸಿಕ್ಕಿತಂತೆ. ಅವರ ಕಾಗದದ ಮಾತನ್ನು ಇದ್ದ ಹಾಗೇ ಕೊಡುತ್ತೇನೆ: “ಅಕ್ಕಾರ, ಇದನ್ನ ನೋಡಬೇಕಂದ್ರ ಮನಿಯಾಗ ಮಷೀನು ಇಲ್ಲ. ಮಗ ‘ಹಳೀ ಡಬ್ಬಿ, ಒಗದುಬಿಡವ್ವ’ ಅಂತಾನ. ನನಗ ಒಗಿಯಾಕ ಮನಸ್ಸು ಬರವಲ್ದು. ಕಂಪ್ಯೂಟರಿಗೆ ಹಾಕಬಹುದಂತ, ಖರೇನ್ರಿ? ಅದು ನಮ್ಮಂಥ ಹೆಂಗಸರ ಕೈಲೆ ಆಗೋ ಕೆಲಸೇನ್ರಿ?”

ಖರೇ ಅದ ತಂಗಿ, ಆಗುತ್ತದೆ. ಹೂರಣ ಹದವಾಗಿ ಬೇಯಿಸಿ ಅರೆದು ಹೋಳಿಗೆ ತಟ್ಟುವ ಕೈಗೆ ಮೂರು ಬಣ್ಣದ ವಯರು ಮೂರು ತೂತಿಗೆ ಸಿಕ್ಕಿಸುವುದು ದೊಡ್ಡ ಮಾತಲ್ಲ. ಆದರೆ ಅವಸರ ಮಾಡಿದರೆ ಏನಾಗುತ್ತದೆ ಎಂಬುದನ್ನು ನಾನು ಅನುಭವಿಸಿಯೇ ತಿಳಿದಿದ್ದೇನೆ. ಆದ್ದರಿಂದ ವಿಧಾನ ಹೇಳುವ ಮುಂಚೆ ನನ್ನ ಫಜೀತಿ ಹೇಳಿಬಿಡುತ್ತೇನೆ. ನಗುವವರು ನಗಲಿ.

ನಾನಿರುವುದು ಯಾದಗಿರಿಯಲ್ಲಿ. ತವರು ಸುರಪುರ. ತಂಗಿಯನ್ನು ಕೊಟ್ಟದ್ದು ಶಹಾಪುರಕ್ಕೆ. ಮೂರೂ ಊರು ಆಗ ಗುಲ್ಬರ್ಗಾ ಜಿಲ್ಲೆಯೊಳಗೇ ಇದ್ದವು. ಯಾದಗಿರಿ ಬೇರೆ ಜಿಲ್ಲೆಯಾದದ್ದು 2009ರ ಕೊನೆಗೆ. ನಮ್ಮ ಕಡೆಯ ಹಳ್ಳಿಗಳಿಗೆ ಟಿ.ವಿ. ಎಂಬುದು ಬಂದ ಬಗೆಯೇ ವಿಚಿತ್ರ. 1975ರ ಆಗಸ್ಟಿನಿಂದ ಒಂದು ವರ್ಷ, ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿ.ವಿ. ತೋರಿಸುವ ‘ಸೈಟ್’ ಎಂಬ ಪ್ರಯೋಗ ನಡೆಯಿತು. ದೇಶದ ಆರು ರಾಜ್ಯಗಳ 2400 ಹಳ್ಳಿಗಳಲ್ಲಿ ಅದು ನಡೆದಾಗ, ಕರ್ನಾಟಕದಲ್ಲಿ ಆರಿಸಿದ್ದು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನೇ. 1982ರಲ್ಲಿ ದಿಲ್ಲಿಯ ಏಷ್ಯನ್ ಆಟಗಳ ವರ್ಷ ಟಿ.ವಿ.ಗೆ ಬಣ್ಣ ಬಂತು. ಅದರ ಹಿಂದೆಯೇ ಬಾಡಿಗೆಯ ವಿಸಿಪಿ ಬಂತು. ಓಣಿಯವರೆಲ್ಲ ದುಡ್ಡು ಕೂಡಿಸಿ ಟಿ.ವಿ., ವಿಸಿಪಿ ತಂದು, ಅಂಗಳದಲ್ಲಿ ಚಾಪೆ ಹಾಸಿ, ಬೆಳಗಾಗುವವರೆಗೆ ಮೂರು ಸಿನಿಮಾ ನೋಡಿದ್ದು ನಿಮ್ಮಲ್ಲಿ ಎಷ್ಟೋ ಜನಕ್ಕೆ ನೆನಪಿರಬೇಕು. ಮೂರನೆಯ ಸಿನಿಮಾದ ಹೊತ್ತಿಗೆ ಮಕ್ಕಳೆಲ್ಲ ಸಾಲಾಗಿ ಮಲಗಿಬಿಟ್ಟಿರುತ್ತಿದ್ದವು!

ಆಮೇಲೆ ಮದುವೆಗಳಿಗೆ ವಿಡಿಯೊ ಬಂತು. ಹೆಗಲ ಮೇಲೆ ದೊಡ್ಡ ಕ್ಯಾಮೆರಾ, ಹಿಂದೆ ಕಣ್ಣು ಕುಕ್ಕುವ ಲೈಟು ಹಿಡಿದ ಹುಡುಗ. ನನ್ನ ತಂಗಿಯ ಮದುವೆ 1992ರಲ್ಲಿ, ಸುರಪುರದ ನಮ್ಮ ಮನೆಯ ಮುಂದಿನ ಹಂದರದಲ್ಲೇ ಆಯಿತು. ಅದರ ಕ್ಯಾಸೆಟ್ಟಿನಲ್ಲಿ ಅರಿಷಿಣ ಹಚ್ಚುವುದು, ಸುರಗಿ ನೀರು, ಅಕ್ಷತೆ, ಬೀಗರ ಊಟ ಎಲ್ಲ ಉಂಟು. ಕೊನೆಯ ಕಡೆಗೆ ಇನ್ನೊಂದುಂಟು. ಹೆಂಗಸರೆಲ್ಲ ಸೇರಿ ನಮ್ಮ ಅವ್ವನ ಬೆನ್ನು ಹತ್ತಿ, “ಒಡಪು ಹೇಳಬೇಕು, ಹೇಳಿದ ಹೊರತು ಬಿಡೂದಿಲ್ಲ” ಎಂದು ಹಟ ಹಿಡಿಯುತ್ತಾರೆ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಲ್ಲೆ ಒಲ್ಲೆ ಎನ್ನುತ್ತಾ, ಕಡೆಗೆ ಎರಡು ಸಾಲು ಒಡಪು ಹೇಳಿ ಅಪ್ಪನ ಹೆಸರು ಎತ್ತಿ, ನಾಚಿ ಒಳಗೆ ಓಡುತ್ತಾಳೆ.

ಗಂಡನ ಹೆಸರು ಬಾಯಲ್ಲಿ ಹೇಳಬಾರದೆಂದು ಬೆಳೆದ ಕಾಲದವಳು ನಮ್ಮ ಅವ್ವ. ಮತದಾರರ ಪಟ್ಟಿಯವರು ಬಂದು ಕೇಳಿದರೂ ನಮ್ಮನ್ನು ಮುಂದೆ ದೂಡುತ್ತಿದ್ದಳು. ಅವಳ ಬಾಯಲ್ಲಿ ಅಪ್ಪನ ಹೆಸರು ನಾನು ಕೇಳಿದ್ದು ಒಡಪಿನಲ್ಲಿ ಮಾತ್ರ. ಈಗ ಅಪ್ಪನೂ ಇಲ್ಲ, ಅವ್ವನೂ ಇಲ್ಲ. ಅವ್ವನ ಫೋಟೊಗಳು ಗೋಡೆಯ ಮೇಲೆ ನಾಲ್ಕಿವೆ. ಅವಳ ದನಿ ಇರುವುದು ಅದೊಂದು ಕ್ಯಾಸೆಟ್ಟಿನಲ್ಲಿ.

ಕುಕ್ಕರಿನ ಸೀಟಿ

ಬೆಂಗಳೂರಿನಲ್ಲಿರುವ ನನ್ನ ಮಗ ಒಂದು ಪುಟ್ಟ ಡಬ್ಬಿ ಕಳಿಸಿ, ಫೋನಿನಲ್ಲೇ ಎಲ್ಲ ಹೇಳಿಕೊಟ್ಟ. ಸುರಪುರದಲ್ಲಿ ಹಿಂದೆ ವಿಡಿಯೊ ಬಾಡಿಗೆಗೆ ಕೊಡುತ್ತಿದ್ದ ಪರಿಚಯದವರಿಂದ ವಿಸಿಪಿ ಕೇಳಿ ತಂದೆ. ಹಳದಿ ವಯರು ಹಳದಿ ತೂತಿಗೆ, ಬಿಳಿಯದು ಬಿಳಿಗೆ, ಕೆಂಪು ಕೆಂಪಿಗೆ. ಲ್ಯಾಪ್‌ಟಾಪಿನಲ್ಲಿ ತಂಗಿ ಮದುಮಗಳಾಗಿ ಕಂಡಳು! ನನಗೆ ಎಷ್ಟು ಹಿಗ್ಗಾಯಿತೆಂದರೆ, ರೆಕಾರ್ಡಿನ ಗುಂಡಿ ಒತ್ತಿ, “ಗಂಟೆ ಮ್ಯಾಲ ಬಂದ್ರಾತು” ಎಂದು ಅಡುಗೆಮನೆಗೆ ಹೋಗಿ ಬೇಳೆ ಇಟ್ಟೆ.

ಮರುದಿನ ಪೆನ್‌ಡ್ರೈವ್ ಹಿಡಿದು ಶಹಾಪುರಕ್ಕೆ ಹೋದೆ. ತಂಗಿಯ ಅತ್ತೆ, ನೆಗೆಣ್ಣಿ, ಮಕ್ಕಳು ಎಲ್ಲರೂ ಟಿ.ವಿ. ಮುಂದೆ ಕೂತರು. ಚಿತ್ರ ಚೆಂದಾಗಿ ಬಂತು. ದನಿ? ವಾಲಗ ಊದುವವರ ಕೆನ್ನೆ ಉಬ್ಬಿದಾಗ ಕೇಳಿಸಿದ್ದು ನಮ್ಮ ಮನೆಯ ಕುಕ್ಕರಿನ ಸೀಟಿ. ಅಕ್ಷತೆ ಬೀಳುವಾಗ ಕೇಳಿಸಿದ್ದು, “ಹಾಲು ಉಕ್ಕಾಕ ಹತ್ಯದ, ಯಾರರ ನೋಡ್ರೀ!” ಎಂಬ ನನ್ನದೇ ಕೂಗು. ಎಲ್ಲರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ನಾನೂ ನಕ್ಕೆ. ಆಮೇಲೆ ಅವ್ವ ಬಂದಳು. ಸೆರಗು ಬಾಯಿಗೆ ಒತ್ತಿಕೊಂಡಳು, ತುಟಿ ಅಲ್ಲಾಡಿದವು, ಒಳಗೆ ಓಡಿದಳು. ಹಿಂದೆ ಮಿಕ್ಸಿಯ ಸದ್ದು. ಆಗ ಯಾರೂ ನಗಲಿಲ್ಲ. ತಂಗಿ ಎದ್ದು ಒಳಗೆ ಹೋದಳು.

ಆದದ್ದೇನೆಂದರೆ, ಲ್ಯಾಪ್‌ಟಾಪಿಗೆ ತನ್ನದೇ ಒಂದು ಕಿವಿ ಉಂಟು, ಅದೇ ಮೈಕು. ‘ದನಿ ಈ ಡಬ್ಬಿಯಿಂದ ತೊಗೋ’ ಎಂದು ನಾವು ಬಾಯಿಬಿಟ್ಟು ಹೇಳದಿದ್ದರೆ ಅದು ತನ್ನ ಕಿವಿಯಿಂದಲೇ ಕೇಳಿಸಿಕೊಳ್ಳುತ್ತದೆ. ವಯರು ಸರಿಯಾಗೇ ಇತ್ತು, ಕಂಪ್ಯೂಟರು ಬೇರೆ ಕಡೆ ಕಿವಿಕೊಟ್ಟಿತ್ತು, ಅಷ್ಟೆ.

ಯಾದಗಿರಿಗೆ ಬಂದು ಎರಡನೆಯ ಸಲ ಹಾಕಿದೆ. ಈ ಸಲ ಎದ್ದು ಹೋಗಲಿಲ್ಲ. ಅರ್ಧ ದಾಟಿತ್ತು, ಮಷೀನಿನೊಳಗೆ ಕರಕರ ಎಂದು ಸದ್ದಾಗಿ ಚಿತ್ರ ನಿಂತಿತು. ಟೇಪು ಸಿಕ್ಕಿಹಾಕಿಕೊಂಡಿತ್ತು. ನನ್ನ ಕೈಕಾಲು ತಣ್ಣಗಾದವು. ಒಡಪು ಇನ್ನೂ ಮುಂದೆ ಇತ್ತು. ಜಗ್ಗಲಿಲ್ಲ, ವಯರು ಕಿತ್ತು ಮಷೀನು ಸಮೇತ ರೇಡಿಯೊ ರಿಪೇರಿಯವರ ಹತ್ತಿರ ಒಯ್ದೆ. ವಯಸ್ಸಾದ ಮನುಷ್ಯ, ಮೇಲಿನ ಮುಚ್ಚಳ ಬಿಚ್ಚಿ, ಹೂವಿನ ಎಸಳು ಬಿಡಿಸಿದ ಹಾಗೆ ಟೇಪು ಬಿಡಿಸಿದರು. ಮುದುಡಿದ ತುಂಡನ್ನು ಕತ್ತರಿಸಿ, ಅದಕ್ಕೆಂದೇ ಇರುವ ಅಂಟುಪಟ್ಟಿಯಿಂದ ಎರಡು ತುದಿ ಜೋಡಿಸಿ, “ಅಮ್ಮಾ, ಇನ್ನ ಒಮ್ಮೆ ಓಡಸ್ರಿ, ಹೆಚ್ಚಿಗಿ ಓಡಸಬ್ಯಾಡ್ರಿ” ಎಂದರು.

ಮೂರನೆಯ ಸಲ ಒಡಪು ಸಿಕ್ಕಿತು. ಆದರೆ ಕತ್ತರಿಸಿದ ತುಂಡಿನಲ್ಲಿ ನಮ್ಮ ದೊಡ್ಡಪ್ಪ ಅಕ್ಷತೆ ಹಾಕಿ ಹರಸುವ ಗಳಿಗೆ ಇತ್ತು. ಅದರ ದನಿ ಎಂದೆಂದಿಗೂ ಹೋಯಿತು.

ಯಾಕೆ ತಡ ಮಾಡಬಾರದು?

ಕ್ಯಾಸೆಟ್ಟಿನೊಳಗಿರುವುದು ಅರ್ಧ ಇಂಚು ಅಗಲದ ಪ್ಲಾಸ್ಟಿಕ್ ಪಟ್ಟಿ. ಅದರ ಮೇಲೆ ಕಬ್ಬಿಣದ ತುಕ್ಕಿನಂಥ ನುಣುಪು ಪುಡಿಯನ್ನು ಅಂಟಿನಿಂದ ಹಚ್ಚಿರುತ್ತಾರೆ. ಚಿತ್ರ, ದನಿ ಎರಡೂ ಆ ಪುಡಿಯಲ್ಲೇ ಇರುವುದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಬಿಸಿಲು, ಮಳೆಗಾಲದ ತೇವ, ವರ್ಷವಿಡೀ ಧೂಳು ಇವೆಲ್ಲ ಸೇರಿ ಅಂಟು ಸಡಿಲಾಗುತ್ತದೆ. ಹಪ್ಪಳದ ಡಬ್ಬಿಯಂತೆ ಅದಕ್ಕೂ ಒಣ, ತಂಪು ಜಾಗ ಬೇಕು. ಎಷ್ಟು ಜೋಪಾನ ಮಾಡಿದರೂ ಆಯುಷ್ಯಕ್ಕೊಂದು ಮಿತಿ ಉಂಟು.

ಎರಡನೆಯದು, ಓಡಿಸುವ ಮಷೀನು. ವಿಎಚ್‌ಎಸ್ ಎಂಬ ಈ ಕ್ಯಾಸೆಟ್ಟನ್ನು ಜಪಾನಿನ ಜೆವಿಸಿ ಕಂಪನಿ 1976ರಲ್ಲಿ ಹೊರತಂದಿತು. ಇದರ ಮಷೀನನ್ನು ಕೊನೆಯತನಕ ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲಿ ಮಾಡುವುದನ್ನೇ ನಿಲ್ಲಿಸಿತು. ಈಗ ಇರುವವೆಲ್ಲ ಹಳೆಯವು, ದಿನೇ ದಿನೇ ಗುಜರಿಗೆ ಹೋಗುತ್ತಿವೆ. 2019ರಲ್ಲಿ ವಿಶ್ವಸಂಸ್ಥೆಯ ಯುನೆಸ್ಕೊ ಕೂಡ ಜಗತ್ತಿನ ಗ್ರಂಥಾಲಯ, ಸಂಗ್ರಹಾಲಯಗಳನ್ನು ‘ಟೇಪುಗಳನ್ನು ಬೇಗ ಕಂಪ್ಯೂಟರಿಗೆ ಇಳಿಸಿಕೊಳ್ಳಿ’ ಎಂದು ಎಚ್ಚರಿಸಿತು. ದೊಡ್ಡ ದೊಡ್ಡ ಸಂಸ್ಥೆಗಳಿಗೇ ಅವಸರವಾದರೆ ನಮ್ಮ ಟ್ರಂಕಿನ ಪಾಡೇನು?

ಇನ್ನು ವಿಧಾನಕ್ಕೆ ಬರೋಣ.

ಬೇಕಾಗುವ ಸಾಮಾನು

ವಿಸಿಪಿ ಅಥವಾ ವಿಸಿಆರ್: 1 (ಎರವಲು ಸಿಕ್ಕರೂ ಸಾಕು)

ಎವಿ ಕೇಬಲ್, ಎರಡೂ ಕಡೆ ಹಳದಿ, ಬಿಳಿ, ಕೆಂಪು ತಲೆ ಇರುವುದು: 1

ಯುಎಸ್‌ಬಿ ವಿಡಿಯೊ ಕ್ಯಾಪ್ಚರ್ ಡಬ್ಬಿ: 1

ಲ್ಯಾಪ್‌ಟಾಪ್ ಅಥವಾ ಕಂಪ್ಯೂಟರ್, ಒಳಗೆ 20 ಜಿಬಿಯಷ್ಟಾದರೂ ಖಾಲಿ ಜಾಗ

ಒಬಿಎಸ್ ಸ್ಟುಡಿಯೊ ಎಂಬ ತಂತ್ರಾಂಶ (ಇದು ಪುಕ್ಕಟೆ)

ಇಯರ್‌ಫೋನ್: 1 (ಅಡುಗೆಗೆ ಉಪ್ಪಿದ್ದಂತೆ, ಇದನ್ನು ಮರೆಯಬೇಡಿ)

ಹೋದರೂ ಚಿಂತೆಯಿಲ್ಲದ ಒಂದು ಹಳೆಯ ಕ್ಯಾಸೆಟ್ಟು

ಡಬ್ಬಿ ಕೊಳ್ಳುವಾಗ ಅಂಗಡಿಯಲ್ಲಿ ‘ಈಸಿಕ್ಯಾಪ್’ ಎಂದರೆ ಸಾಧಾರಣವಾಗಿ ತಿಳಿಯುತ್ತದೆ. ಅದರ ಒಂದು ಕಡೆ ಹಳದಿ, ಬಿಳಿ, ಕೆಂಪು ತೂತು, ಇನ್ನೊಂದು ಕಡೆ ಪೆನ್‌ಡ್ರೈವಿನಂಥ ಮೂತಿ ಇರಬೇಕು. ಎಚ್‌ಡಿಎಂಐ ಎಂದು ಬರೆದದ್ದು ಬೇಡ, ಹಳೆಯ ವಿಸಿಪಿಗೆ ಅದು ಹೊಂದುವುದಿಲ್ಲ. ಹಾಗೆಯೇ ಒಂದು ತುದಿಗೆ ಮೂರು ಬಣ್ಣದ ತಲೆ, ಇನ್ನೊಂದು ತುದಿಗೆ ಇಯರ್‌ಫೋನಿನಂಥ ಒಂದೇ ಸಣ್ಣ ಪಿನ್ನು ಇರುವ ಸೆಟ್‌ಟಾಪ್ ಬಾಕ್ಸಿನ ವಯರು ಮನೆಯಲ್ಲಿದ್ದರೆ, ಅದೂ ಇಲ್ಲಿಗೆ ಆಗಿಬರುವುದಿಲ್ಲ.

ಮೊದಲು ಕ್ಯಾಸೆಟ್ಟನ್ನು ನೋಡಿ

ಬೆಳಕಿಗೆ ಹಿಡಿದು, ಪಾರದರ್ಶಕ ಕಿಟಕಿಯೊಳಗೆ ನೋಡಿ. ಟೇಪಿನ ಸುರುಳಿಯ ಮೇಲೆ ಬೂಸ್ಟು ಹಿಡಿದ ರೊಟ್ಟಿಯಂತೆ ಬೆಳ್ಳಗೆ ಕಂಡರೆ ಮಷೀನಿಗೆ ಹಾಕಲೇಬೇಡಿ. ಟೇಪೂ ಹಾಳು, ಮಷೀನಿನ ಹೆಡ್ಡೂ ಹಾಳು, ಆಮೇಲೆ ಹಾಕುವ ಕ್ಯಾಸೆಟ್ಟಿಗೂ ಬೂಸ್ಟು ತಗಲುತ್ತದೆ. ಅಂಥದ್ದನ್ನು ಬಲ್ಲವರ ಕೈಗೆ ಕೊಡಿ. ಬೂಸ್ಟು ಇಲ್ಲದಿದ್ದರೆ, ಹಾಕುವ ಮುಂಚೆ ಒಂದು ದಿನ ಮನೆಯೊಳಗಿನ ಒಣ ಜಾಗದಲ್ಲಿ ಇಡಿ. ಬಿಸಿಲಿಗಂತೂ ಒಣಹಾಕಬೇಡಿ, ಇದು ಸಂಡಿಗೆಯಲ್ಲ! ಬಹಳ ವರ್ಷ ಹಾಗೇ ಇದ್ದ ಟೇಪು ಸುರುಳಿಗೆ ಅಂಟಿಕೊಂಡಿರುತ್ತದೆ. ಮೊದಲು ಪೂರ್ತಿ ಮುಂದಕ್ಕೆ ಓಡಿಸಿ, ಪೂರ್ತಿ ಹಿಂದಕ್ಕೆ ಸುತ್ತಿದರೆ ಸಡಿಲಾಗುತ್ತದೆ.

ಮಾಡುವ ವಿಧಾನ

1. ವಿಸಿಪಿ, ಲ್ಯಾಪ್‌ಟಾಪ್ ಎರಡನ್ನೂ ಬಂದ್ ಮಾಡಿ. ವಿಸಿಪಿಯ ಹಿಂದೆ ‘ಇನ್’, ‘ಔಟ್’ ಎಂದು ಎರಡು ಬಗೆ ತೂತು ಇರಬಹುದು. ನಮಗೆ ಬೇಕಾದದ್ದು ‘ಔಟ್’. ಮಷೀನಿನಿಂದ ಹೊರಗೆ ಬರಬೇಕಲ್ಲವೇ?

2. ಹಳದಿ ತಲೆಯನ್ನು ‘ವಿಡಿಯೊ ಔಟ್’ಗೆ ಸಿಕ್ಕಿಸಿ. ಇದರಲ್ಲಿ ಹರಿಯುವುದು ಚಿತ್ರ ಮಾತ್ರ. ಬಿಳಿ, ಕೆಂಪು ‘ಆಡಿಯೊ ಔಟ್’ಗೆ. ಬಿಳಿಯದು ಎಡಗಿವಿಯ ದನಿ, ಕೆಂಪು ಬಲಗಿವಿಯದು. ಇನ್ನೊಂದು ತುದಿಯನ್ನು ಡಬ್ಬಿಯ ಅದೇ ಬಣ್ಣದ ತೂತುಗಳಿಗೆ ಸಿಕ್ಕಿಸಿ. ಹಳೆಯ ವಯರು ಸಡಿಲಿರುತ್ತದೆ, ಮೆಲ್ಲಗೆ ತಿರುವಿ ಬಿಗಿಯಾಗಿ ಕೂರಿಸಿ. ಡಬ್ಬಿಯಲ್ಲಿ ‘ಎಸ್-ವಿಡಿಯೊ’ ಎಂಬ ದುಂಡನೆಯ ಕಪ್ಪು ತೂತೂ ಇರಬಹುದು. ಅದು ಹಳದಿಯ ಬದಲಿಗೆ ಚಿತ್ರ ಸಾಗಿಸುವ ದಾರಿ, ದನಿ ಅದರಲ್ಲಿ ಬರುವುದಿಲ್ಲ. ಅದನ್ನು ಉಪಯೋಗಿಸಿದರೂ ಬಿಳಿ, ಕೆಂಪು ಇರಲೇಬೇಕು.

3. ನಮ್ಮ ಕಡೆಯ ಬಹಳ ವಿಸಿಪಿಗಳಲ್ಲಿ ದನಿಗೆ ಒಂದೇ ತೂತು. ಗಾಬರಿ ಬೇಡ, ಬಿಳಿಯದನ್ನೊಂದೇ ಹಾಕಿ. ದನಿ ಒಂದೇ ಕಿವಿಗೆ ಬಂದರೆ, ಒಬಿಎಸ್‌ನ ಆಡಿಯೊ ಸೆಟ್ಟಿಂಗಿನಲ್ಲಿ ‘ಮೊನೊ’ ಎಂಬುದಕ್ಕೆ ಗುರುತು ಹಾಕಿದರೆ ಎರಡೂ ಕಿವಿಗೆ ಬರುತ್ತದೆ.

4. ಈಗ ಡಬ್ಬಿಯನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಎರಡನ್ನೂ ಚಾಲೂ ಮಾಡಿ. ಒಬಿಎಸ್ ತೆರೆದು ‘ಸೋರ್ಸಸ್’ ಎಂಬಲ್ಲಿ ಕೂಡಿಸುವ ಚಿಹ್ನೆ ಒತ್ತಿ ‘ವಿಡಿಯೊ ಕ್ಯಾಪ್ಚರ್ ಡಿವೈಸ್’ ಆರಿಸಿ. ಯಾವ ಡಿವೈಸ್ ಎಂದು ಕೇಳಿದಾಗ ಡಬ್ಬಿಯ ಹೆಸರು ಆರಿಸಿ. ಲ್ಯಾಪ್‌ಟಾಪಿನ ಕ್ಯಾಮೆರಾ ಆರಿಸಿದರೆ ಮದುಮಗಳ ಬದಲು ನಿಮ್ಮ ಮುಖವೇ ಕಾಣುತ್ತದೆ.

5. ನಮ್ಮ ದೇಶದ ಕ್ಯಾಸೆಟ್ಟುಗಳು ‘ಪಾಲ್’ ಪದ್ಧತಿಯವು. ಸೆಕೆಂಡಿಗೆ 25 ಚಿತ್ರ, ಅಳತೆ 720ಕ್ಕೆ 576. ಅಮೆರಿಕದ ‘ಎನ್‌ಟಿಎಸ್‌ಸಿ’ ಪದ್ಧತಿಗೆ ಇಟ್ಟರೆ ಚಿತ್ರ ಕಪ್ಪುಬಿಳುಪಾಗಿಯೋ ಉರುಳುತ್ತಲೋ ಬರುತ್ತದೆ. ಹಾಗೆ ಕಂಡರೆ ಟೇಪನ್ನು ಬೈಯದೆ ಮೊದಲು ಇದನ್ನು ನೋಡಿ. ಚಿತ್ರದ ಆಕಾರ 4ಕ್ಕೆ 3 ಇರಲಿ. ಈಗಿನ ಅಗಲ ಟಿ.ವಿ.ಗೆ ತುಂಬಿಸಲು ಹೋದರೆ ಮದುಮಗಳು ಗಿಡ್ಡಗೆ ದಪ್ಪಗೆ ಕಾಣುತ್ತಾಳೆ!

6. ಇಲ್ಲೇ ನಾನು ಎಡವಿದ್ದು, ಗಮನ ಕೊಡಿ. ಅದೇ ಡಿವೈಸಿನ ‘ಪ್ರಾಪರ್ಟೀಸ್’ನಲ್ಲಿ ಕೆಳಗೆ ‘ಕಸ್ಟಮ್ ಆಡಿಯೊ ಡಿವೈಸ್’ ಎಂದಿರುತ್ತದೆ. ಅದಕ್ಕೆ ಗುರುತು ಹಾಕಿ, ಪಟ್ಟಿಯಲ್ಲಿ ಡಬ್ಬಿಯದೇ ಆಡಿಯೊ ಆರಿಸಿ. ಬಹಳ ಡಬ್ಬಿಗಳಲ್ಲಿ ಅದು ‘ಯುಎಸ್‌ಬಿ ಆಡಿಯೊ’ ಎಂಬಂಥ ಹೆಸರಿನಲ್ಲಿರುತ್ತದೆ. ಆಮೇಲೆ ‘ಆಡಿಯೊ ಮಿಕ್ಸರ್’ನಲ್ಲಿ ‘ಮೈಕ್’ ಎಂದಿರುವುದರ ಬಾಯಿ ಮುಚ್ಚಿ, ಅಂದರೆ ಸ್ಪೀಕರಿನ ಚಿತ್ರ ಒತ್ತಿ ಮ್ಯೂಟ್ ಮಾಡಿ. ‘ಡೆಸ್ಕ್‌ಟಾಪ್ ಆಡಿಯೊ’ವನ್ನೂ ಮುಚ್ಚಿ.

7. ಇಷ್ಟಾದರೂ ದನಿ ಬಾರದಿದ್ದರೆ, ವಿಂಡೋಸ್ ಕಂಪ್ಯೂಟರಿನ ಸೆಟ್ಟಿಂಗ್ಸಿನ ‘ಪ್ರೈವೆಸಿ’ಯಲ್ಲಿ ‘ಮೈಕ್ರೊಫೋನ್’ ಅನುಮತಿ ಬಂದ್ ಆಗಿದೆಯೋ ನೋಡಿ. ಕಂಪ್ಯೂಟರು ಡಬ್ಬಿಯ ದನಿಯನ್ನೂ ಮೈಕೆಂದೇ ಲೆಕ್ಕ ಹಿಡಿಯುತ್ತದೆ. ಅನುಮತಿ ಇಲ್ಲದಿದ್ದರೆ ಕಿವುಡಾಗಿ ಕೂರುತ್ತದೆ.

8. ಬೇಡವಾದ ಕ್ಯಾಸೆಟ್ಟು ಹಾಕಿ ಎರಡು ನಿಮಿಷ ರೆಕಾರ್ಡ್ ಮಾಡಿ. ನಾನು 1987-88ರ ದೂರದರ್ಶನದ ರಾಮಾಯಣವನ್ನು ಹಿಡಿದಿಟ್ಟ ಕ್ಯಾಸೆಟ್ಟು ಹಾಕಿದ್ದೆ. ಅಂಗಡಿಯಲ್ಲಿ ಕೊಂಡ ಸಿನಿಮಾ ಕ್ಯಾಸೆಟ್ಟು ಪರೀಕ್ಷೆಗೆ ಬೇಡ. ನಕಲು ತಡೆಯುವ ಸಂಕೇತ ಇರುವ ಟೇಪಿನಲ್ಲಿ ಚಿತ್ರ ಮಂಕಾಗುತ್ತಾ ಬೆಳಗುತ್ತಾ ಬಂದು ನಿಮ್ಮನ್ನು ಗೊಂದಲಕ್ಕೆ ಹಾಕುತ್ತದೆ. ರೆಕಾರ್ಡ್ ನಿಲ್ಲಿಸಿ, ಇಯರ್‌ಫೋನ್ ಹಾಕಿಕೊಂಡು ಕೇಳಿ. ರೆಕಾರ್ಡ್ ಮಾಡುವಾಗ ಲ್ಯಾಪ್‌ಟಾಪಿನ ಪಕ್ಕದಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ. ಆ ಚಪ್ಪಾಳೆ ಅದರಲ್ಲಿ ಕೇಳಿಸಿದರೆ ಮೈಕು ಇನ್ನೂ ಎಚ್ಚರವಾಗಿದೆ ಎಂದರ್ಥ! ಕೇಳಿಸದಿದ್ದರೆ ಗೆದ್ದಿರಿ.

9. ಮಿಕ್ಸರಿನ ಪಟ್ಟಿ ದನಿಯ ಜೊತೆ ಕುಣಿಯಬೇಕು. ಹಸಿರು, ಹಳದಿಯಲ್ಲಿ ಕುಣಿದರೆ ಹದ. ಕೆಂಪಿನಲ್ಲೇ ನಿಂತರೆ ದನಿ ಒಡೆಯುತ್ತದೆ, ತಗ್ಗಿಸಿ. ದನಿಯ ಹಿಂದೆ ‘ಗುಂಯ್’ ಎಂಬ ಸದ್ದು ಬಂದರೆ ವಿಸಿಪಿ, ಲ್ಯಾಪ್‌ಟಾಪ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ಚಾರ್ಜರ್ ತೆಗೆದಾಗ ಸದ್ದು ನಿಂತರೆ, ಬ್ಯಾಟರಿ ತುಂಬಿಸಿಕೊಂಡು ಅದರ ಮೇಲೇ ಮಾಡಿ.

10. ರೆಕಾರ್ಡಿನ ಬಗೆ ‘ಎಂಕೆವಿ’ ಎಂದಿರಲಿ. ನಮ್ಮ ಕಡೆ ಕರೆಂಟಿನ ಕಥೆ ಗೊತ್ತೇ ಇದೆ. ನಡುವೆ ಕರೆಂಟು ಹೋಗಿ ಕಂಪ್ಯೂಟರು ಆರಿದರೆ, ಸಾಮಾನ್ಯ ‘ಎಂಪಿ4’ ಆಗಿದ್ದರೆ ಪೂರ್ತಿ ಫೈಲೇ ತೆರೆಯದೆ ಹೋಗಬಹುದು. ಎಂಕೆವಿಯಲ್ಲಿ ಅಲ್ಲಿಯತನಕ ಆದದ್ದು ಉಳಿಯುತ್ತದೆ. ಎಲ್ಲ ಮುಗಿದ ಮೇಲೆ ಒಬಿಎಸ್‌ನಲ್ಲೇ ‘ರೀಮಕ್ಸ್’ ಎಂಬುದನ್ನು ಒತ್ತಿದರೆ, ಟಿ.ವಿ., ಮೊಬೈಲಿನಲ್ಲಿ ಓಡುವ ಎಂಪಿ4 ಆಗುತ್ತದೆ.

11. ಈಗ ಮದುವೆಯ ಕ್ಯಾಸೆಟ್ಟು. ಲ್ಯಾಪ್‌ಟಾಪ್ ತಾನಾಗಿ ಮಲಗದಂತೆ ‘ಸ್ಲೀಪ್’ ಬಂದ್ ಮಾಡಿ. ಮೊದಲು ರೆಕಾರ್ಡ್, ಆಮೇಲೆ ಪ್ಲೇ. ಚಿತ್ರದಲ್ಲಿ ಅಡ್ಡಗೆರೆ ಬಂದರೆ ವಿಸಿಪಿಯ ‘ಟ್ರ್ಯಾಕಿಂಗ್’ ಗುಂಡಿಯನ್ನು ನಿಧಾನವಾಗಿ ತಿರುವಿ. ಇದಕ್ಕೆ ಅವಸರದ ದಾರಿಯಿಲ್ಲ. ಮೂರು ಗಂಟೆಯ ಕ್ಯಾಸೆಟ್ಟಿಗೆ ಮೂರು ಗಂಟೆಯೇ ಬೇಕು. ಗಂಟೆಗೆ ಸುಮಾರು 2ರಿಂದ 3 ಜಿಬಿ ಜಾಗ ಹಿಡಿಯುತ್ತದೆ. ಅಡುಗೆ ಮುಗಿಸಿ, ಬೆಂಡೆಕಾಯಿಯೋ ಅವರೆಕಾಯಿಯೋ ಮುಂದಿಟ್ಟುಕೊಂಡು ಅಲ್ಲೇ ಕೂತುಬಿಡಿ. ಕರಕರ ಸದ್ದು ಬಂದರೆ ತಕ್ಷಣ ಸ್ಟಾಪ್. ಟೇಪು ಜಗ್ಗಬೇಡಿ. ಹರಿದರೆ ಮನೆಯ ಸೆಲ್ಲೋಟೇಪು ಹಚ್ಚಬೇಡಿ, ಅದರ ಅಂಟು ಮಷೀನಿನ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ.

ಮುಗಿದ ಮೇಲೆ

ಫೈಲಿಗೆ ವರ್ಷ, ಊರು, ಯಾರ ಮದುವೆ ಎಂಬ ಹೆಸರಿಡಿ. ಒಂದು ಪ್ರತಿ ನಿಮ್ಮ ಮನೆಯಲ್ಲಿ, ಒಂದು ತಂಗಿಯ ಮನೆಯಲ್ಲೋ ಮಗಳ ಮನೆಯಲ್ಲೋ ಇರಲಿ. ಉಪ್ಪಿನಕಾಯಿಯನ್ನು ಎರಡು ಭರಣಿಗೆ ಹಾಕುತ್ತೇವಲ್ಲ, ಹಾಗೆ. ಬರೀ ಪೆನ್‌ಡ್ರೈವ್ ನಂಬಬೇಡಿ. ಕ್ಯಾಸೆಟ್ಟನ್ನೂ ಒಗೆಯಬೇಡಿ. ಪೂರ್ತಿ ಹಿಂದಕ್ಕೆ ಸುತ್ತಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿಡಿ. ಸ್ಪೀಕರು, ಟಿ.ವಿ.ಯ ಹತ್ತಿರ ಬೇಡ, ಅಯಸ್ಕಾಂತ ಟೇಪಿನ ಶತ್ರು.

ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಕೂರಿಸಿಕೊಂಡು ನೋಡಿ. “ಈಕಿ ಯಾರು, ಆ ರುಮಾಲಿನವರು ಯಾರು” ಎಂದು ಕೇಳಿ ಬರೆದಿಟ್ಟುಕೊಳ್ಳಿ. ನಮ್ಮ ಕ್ಯಾಸೆಟ್ಟಿನಲ್ಲಿ ಅರ್ಧ ಜನರ ಹೆಸರು ಹೇಳಬಲ್ಲವರು ಈಗ ತಂಗಿಯ ಅತ್ತೆಯೊಬ್ಬರೇ.

ಇನ್ನೆರಡು ಕಾಗದಗಳಿಗೆ ಉತ್ತರ

ಸುರಪುರದ ಸೋದರಿಗೆ: ನಿಮ್ಮ ವಿಸಿಪಿಯ ಹಿಂದೆ ಆಂಟೆನಾ ವಯರಿನ ತೂತು ಮಾತ್ರ ಇದ್ದರೆ ಅದು ಈ ಡಬ್ಬಿಗೆ ನೇರವಾಗಿ ಕೂಡುವುದಿಲ್ಲ. ಹಳೆಯ ಟಿ.ವಿ.ಯಲ್ಲಿ ‘ಎವಿ ಔಟ್’ ಇದ್ದರೆ ವಿಸಿಪಿಯಿಂದ ಟಿ.ವಿ.ಗೆ, ಟಿ.ವಿ.ಯಿಂದ ಡಬ್ಬಿಗೆ ಜೋಡಿಸಬಹುದು. ಇಲ್ಲವಾದರೆ ಬೇರೆ ವಿಸಿಪಿ ಎರವಲು ತರುವುದೇ ಲೇಸು.

ಯಾದಗಿರಿಯ ಸೋದರಿಗೆ: ನಿಮ್ಮ ಅಜ್ಜಿಯ ಬೀಸುಕಲ್ಲಿನ ಪದಗಳ ಆಡಿಯೊ ಕ್ಯಾಸೆಟ್ಟಿಗೆ ಈ ಡಬ್ಬಿಯೂ ಬೇಡ. ಟೇಪ್‌ರೆಕಾರ್ಡರಿನ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿನ ನೀಲಿ ಬಣ್ಣದ ‘ಲೈನ್ ಇನ್’ಗೆ ಎರಡೂ ಕಡೆ ಪಿನ್ನಿರುವ ವಯರು ಸಾಕು. ಗುಲಾಬಿ ಬಣ್ಣದ್ದು ಮೈಕಿನ ತೂತು, ಅಲ್ಲಿ ಹಾಕಿದರೆ ದನಿ ಒಡೆದು ಬರುತ್ತದೆ. ಹಸಿರು ಹೊರಗೆ ಹೋಗುವ ದಾರಿ, ಅದು ಬೇಡ. ಟೇಪ್‌ರೆಕಾರ್ಡರಿನ ದನಿ ಮೊದಲು ಸಣ್ಣಗಿಟ್ಟು ನಿಧಾನ ಏರಿಸಿ.

ಶಹಾಪುರದ ತಂಗಿ, ನಿಮ್ಮ ಮಗನಿಗೆ ಹೇಳಿ: ಒಗೆಯುವುದಕ್ಕೆ ಒಂದು ಗಳಿಗೆ ಸಾಕು, ಮತ್ತೆ ತರುವುದಕ್ಕೆ ಯಾವ ಅಂಗಡಿಯೂ ಇಲ್ಲ. ಅವನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಮಾಡಿಸಿ. ಚಿತ್ರ ಕಂಡೊಡನೆ ಹಿಗ್ಗಿ ಎದ್ದುಹೋಗಬೇಡಿ, ಮೊದಲು ದನಿ ಕೇಳಿ. ಸತ್ತವರ ಮುಖ ಫೋಟೊದಲ್ಲಾದರೂ ಸಿಕ್ಕೀತು, ದನಿ ಇನ್ನೆಲ್ಲಿ ಸಿಗಬೇಕು?

ನಮ್ಮ ದೊಡ್ಡಪ್ಪ ಅಕ್ಷತೆ ಹಾಕುವ ಆ ಒಂದು ಗಳಿಗೆಯ ಚಿತ್ರ, ನಾನು ಮೊದಲ ಸಲ ತಪ್ಪು ಮಾಡಿ ಹಿಡಿದ ರೆಕಾರ್ಡಿನಲ್ಲಿ ಉಳಿದಿತ್ತು. ಮಗ ಅದನ್ನೇ ತಂದು ನಡುವೆ ಜೋಡಿಸಿದ್ದಾನೆ. ಹಾಗಾಗಿ ನಮ್ಮ ಮನೆಯ ಮದುವೆ ವಿಡಿಯೊದಲ್ಲಿ ದೊಡ್ಡಪ್ಪ ಹರಸುವಾಗ ಕುಕ್ಕರು ಎರಡು ಸಲ ಸೀಟಿ ಹೊಡೆಯುತ್ತದೆ. ಸ್ವಲ್ಪ ಹೊತ್ತಿಗೆ ಅವ್ವ ಬಂದು ಒಡಪು ಹೇಳುತ್ತಾಳೆ. ಮೊನ್ನೆ ತಂಗಿ ಫೋನು ಮಾಡಿ, “ಅಕ್ಕಾ, ಅಪ್ಪನ ಹೆಸರು ಹೇಳೂ ಮುಂದ ಅವ್ವ ಸಣ್ಣಗ ನಗ್ತಾಳ, ಕೇಳಿಯೇನು?” ಎಂದಳು. ಕೇಳಿರಲಿಲ್ಲ. ಇಯರ್‌ಫೋನ್ ಹಾಕಿಕೊಂಡು ಮತ್ತೆ ಕೇಳಿದೆ. ನಗುತ್ತಾಳೆ.

ಮುಂದಿನ ಸಂಚಿಕೆಯಲ್ಲಿ ಹಳೆಯ ಫೋಟೊ ಆಲ್ಬಮ್ಮಿನ ಹಾಳೆಗೆ ಅಂಟಿಕೊಂಡ ಚಿತ್ರಗಳನ್ನು ಬಿಡಿಸುವ ಬಗೆ ಬರೆಯುತ್ತೇನೆ. ಅಲ್ಲಿಯವರೆಗೆ ಟ್ರಂಕಿನ ಅಡಿಯನ್ನೊಮ್ಮೆ ನೋಡಿಬಿಡಿ.

ನಿಮ್ಮ ಅಕ್ಕ